ರೊಟ್ಟಿ ಅಂಗಡಿಗೊಂದು ಡಾಟ್ ಇನ್ ವಿಳಾಸ: ಎರಡು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯಲ್ಲಿ ನಮ್ಮ ಅತ್ತಿಗೆ ನಡೆಸುವ ರೊಟ್ಟಿ ಅಂಗಡಿಗೆ ವೆಬ್‌ಸೈಟ್ ಮಾಡಿಸುವಾಗ ಅದನ್ನು ಕಟ್ಟುವುದಕ್ಕಿಂತ ಅದಕ್ಕೊಂದು ಹೆಸರು ಹುಡುಕುವುದಕ್ಕೇ ಹೆಚ್ಚು ದಿನ ಹಿಡಿಯಿತು. ಕೊನೆಗೆ ಕೊಂಡದ್ದು ಡಾಟ್ ಇನ್ ವಿಳಾಸ.

ಅಂಗಡಿಯ ಬೋರ್ಡಿನಲ್ಲಿ ‘ಶ್ರೀ’ ಇದೆ, ‘ಲಕ್ಷ್ಮಿ’ಯೂ ಇದೆ. ಕನ್ನಡದಲ್ಲಿ ಇವನ್ನು ಬರೆಯಲು ಯಾರೂ ತಡವರಿಸುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದೊಡನೆ ಶ್ರೀಗೆ ‘ಎಚ್’ ಸೇರಿಸುವವರು, ಬಿಡುವವರು, ಕೊನೆಗೆ ಒಂದು ‘ಐ’ ಸಾಕೆನ್ನುವವರು, ಎರಡು ‘ಇ’ ಬೇಕೆನ್ನುವವರು, ಲಕ್ಷ್ಮಿಗೆ ‘ಕೆ-ಎಸ್-ಎಚ್’ ಬರೆಯುವವರು, ‘ಎಕ್ಸ್’ ಒಂದರಲ್ಲೇ ಮುಗಿಸುವವರು, ಹೀಗೆ ಎಂಟು ರೂಪಗಳಾದವು. ಊರಿನ ಹೆಸರನ್ನೂ ಸೇರಿಸೋಣವೆಂದರೆ, 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದಗಳಲ್ಲಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿಯಾಗಿರುವ ಊರನ್ನು ‘ಹುಬ್ಲಿ’ ಎಂದೇ ಟೈಪಿಸುವ ಗಿರಾಕಿಗಳು ಈಗಲೂ ಇದ್ದಾರೆ, ಎಂಟು ಹದಿನಾರಾಯಿತು. ಪದಗಳ ನಡುವೆ ಅಡ್ಡಗೆರೆ ಹಾಕಲು ನಿಯಮದಲ್ಲಿ ಅವಕಾಶವಿದೆ. ಆದರೆ ಆರ್ಡರ್ ತೆಗೆದುಕೊಳ್ಳುವಾಗಲೆಲ್ಲ ‘ನಡುವೆ ಒಂದು ಗೆರೆ ಐತ್ರೀ’ ಎಂದು ಹೇಳುತ್ತ ಕೂರಲು ಅತ್ತಿಗೆ ಒಪ್ಪಲಿಲ್ಲ.

ಅವರೇ ಒಂದು ಪರೀಕ್ಷೆ ಮಾಡಿದರು: ಮನಸ್ಸಿಗೆ ಬಂದ ಹೆಸರನ್ನು ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಕೇಳಿಸಿಕೊಂಡವರು ಅದನ್ನು ಟೈಪಿಸಿ ವಾಟ್ಸಾಪ್ ಮಾಡಬೇಕು. ದೇವರು, ಊರು ಎರಡೂ ಬಿದ್ದುಹೋಗಿ ‘ರೊಟ್ಟಿ’ಯೊಂದಿಗೆ ಇನ್ನೊಂದು ಸಣ್ಣ ಪದ ಉಳಿಯಿತು. ಅಲ್ಲಿಯೂ ಒಂದು ಕೊಕ್ಕೆ: ಒಂದು ‘ಟಿ’ ತಪ್ಪಿದರೆ ನಮ್ಮ ಜೋಳದ ರೊಟ್ಟಿ ಉತ್ತರದ ರೋಟಿಯಾಗುತ್ತದೆ. ಆದ್ದರಿಂದ ಆ ರೂಪವನ್ನೂ ಕೊಂಡು, ಅದನ್ನು ತೆರೆದವರು ಸರಿಯಾದ ವಿಳಾಸಕ್ಕೇ ಬರುವಂತೆ ಮಾಡಿಸಿದ್ದೇವೆ. ಆ ಖರ್ಚಿನ ಬಗ್ಗೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಡಾಟ್ ಕಾಮ್‌ನಲ್ಲಿ ಈ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು. ನಿಕ್ಸಿ ಎಂಬ ಭಾರತದ ಇಂಟರ್ನೆಟ್ ಸಂಸ್ಥೆ ನೋಡಿಕೊಳ್ಳುವ, 2005ರಿಂದ ಎಲ್ಲರಿಗೂ ಮುಕ್ತವಾಗಿರುವ ಡಾಟ್ ಇನ್‌ನಲ್ಲಿ ಸಿಕ್ಕಿತು. ಎರಡು ವರ್ಷಗಳಲ್ಲಿ ಇದರಿಂದ ಯಾವ ತೊಂದರೆಯೂ ಆಗಿಲ್ಲ. ಕನ್ನಡ ಲಿಪಿಯಲ್ಲೇ ಬರೆಯಬಹುದಾದ ‘ಡಾಟ್ ಭಾರತ’ ವಿಳಾಸವನ್ನೂ ಆಸೆಯಿಂದ ಪಡೆದೆವು. ಕಾಗುಣಿತದ ಜಗಳವೆಲ್ಲ ಅಲ್ಲಿ ಒಂದೇ ಏಟಿಗೆ ಮುಗಿಯುತ್ತದೆ, ಬ್ಯಾಗಿನ ಮೇಲೆ ಅಚ್ಚು ಹಾಕಿಸಿದರೆ ಕಣ್ಣಿಗೂ ಹಿತ. ಆದರೆ ಕಂಪ್ಯೂಟರು ಅದನ್ನು ಒಳಗೊಳಗೇ ‘ಎಕ್ಸ್-ಎನ್’ ಎಂದು ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿಕೊಳ್ಳುವುದರಿಂದ, ಲಿಂಕನ್ನು ನಕಲು ಮಾಡಿ ಕಳುಹಿಸಿದಾಗ ಹಲವು ಸಲ ಆ ಸಾಲೇ ಕಾಣಿಸಿ, ಇದೇನೋ ಮೋಸದ ಲಿಂಕ್ ಎಂದು ಗಿರಾಕಿಗಳು ಒತ್ತಲು ಹೆದರಿದರು. ಈಗ ಅದು ಬ್ಯಾಗಿನ ಮೇಲೆ ಮಾತ್ರ ಇದೆ.

ನನ್ನ ಅಸಮಾಧಾನವೆಲ್ಲ ಹೆಸರನ್ನು ಮಾರಿದ ಕಂಪನಿಯ ಮೇಲೆ. ಮೊದಲ ವರ್ಷಕ್ಕೆ 199 ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿ, ನವೀಕರಣಕ್ಕೆ 849 ಕೇಳಿತು. ಜೊತೆಗೆ ನಾವು ಕೇಳದ ಇಮೇಲ್ ಸೇವೆಯನ್ನೂ ಬಿಲ್ಲಿಗೆ ಸೇರಿಸಿತ್ತು. ಅದಕ್ಕಿಂತ ಮುಖ್ಯವಾದ ಎಡವಟ್ಟು ನಮ್ಮದೇ: ವೆಬ್‌ಸೈಟ್ ಕಟ್ಟಿದ ಹುಡುಗ ತನ್ನ ಇಮೇಲಿನಿಂದಲೇ ಹೆಸರು ನೋಂದಾಯಿಸಿದ್ದ, ನಾವೂ ಕೇಳಿರಲಿಲ್ಲ. ಅವನು ಒಳ್ಳೆಯವನಾಗಿದ್ದರಿಂದ ಖಾತೆಯನ್ನು ಅತ್ತಿಗೆಯ ಹೆಸರಿಗೆ ಬದಲಿಸಿಕೊಟ್ಟ. ಆಮೇಲೆ ವರ್ಗಾವಣೆಯ ಗುಪ್ತ ಕೋಡ್ ಪಡೆದು ಬೇರೆ ಕಂಪನಿಗೆ ಹೋಗಿ, ಒಟ್ಟಿಗೇ ಐದು ವರ್ಷಕ್ಕೆ ಹಣ ಕಟ್ಟಿದ್ದೇವೆ. ಅವಧಿ ಮುಗಿಯುವ ತಾರೀಖನ್ನು ಅತ್ತಿಗೆ ಗ್ಯಾಸ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದಾರೆ.