ನಮ್ಮ ಎಂಜಿಬಿಗೆ ಮೂರು ಬಗೆಯ ಸ್ಪೇಸರ್

ನಮ್ಮ 1972ರ ಎಂಜಿಬಿಗೆ (ಬ್ರಿಟಿಷ್ ಹಳೆಯ ಸ್ಪೋರ್ಟ್ಸ್ ಕಾರು) ಅಲಾಯ್ ಚಕ್ರ ಹಾಕಿಸಿದ ಮೇಲೆ ಮುಂದಿನ ಟೈರುಗಳು ತೀರಾ ಒಳಗೆ ಕೂತಂತೆ ಕಾಣುತ್ತಿದ್ದವು. ಅದಕ್ಕೇ ಸ್ಪೇಸರ್, ಅಂದರೆ ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ. ಎರಡು ವರ್ಷದಲ್ಲಿ ಮೂರು ಬಗೆ ಹಾಕಿ ಮಂಗಳೂರಿನಿಂದ ಉಡುಪಿಯವರೆಗೆ ಓಡಿಸಿ ನೋಡಿದೆ.

ಮೊದಲನೆಯದು 5 ಮಿ.ಮೀ ದಪ್ಪದ ಸಾದಾ ಬಿಲ್ಲೆ. ಅಗ್ಗ. ಚಕ್ರ ಬಿಚ್ಚಿ, ನಡುವೆ ಇಟ್ಟು, ನಟ್ ಬಿಗಿದರೆ ಆಯಿತು. ತೊಂದರೆ ಇರುವುದು ನಟ್‌ನಲ್ಲಿ. ಈ ಕಾರಿನ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ ಕೂರುವ ಬೋಲ್ಟ್) ಅರ್ಧ ಇಂಚು ದಪ್ಪ, ಇಂಚಿಗೆ 20 ಥ್ರೆಡ್. ಸ್ಟಡ್ ಎಷ್ಟು ದಪ್ಪವೋ ಅಷ್ಟು ಉದ್ದಕ್ಕಾದರೂ ನಟ್ ಕಚ್ಚಬೇಕು, ಅಂದರೆ 10 ಸುತ್ತು. ಬಿಲ್ಲೆ ಇಟ್ಟರೆ ಹತ್ತಿರ ಹತ್ತಿರ ನಾಲ್ಕು ಸುತ್ತು ಹೋಗುತ್ತದೆ. ನಾನು ಎಣಿಸಿದೆ, ಏಳೂ ಸಿಗಲಿಲ್ಲ. ನಮ್ಮ ಮೆಕ್ಯಾನಿಕ್ ನೋಡಿದವರೇ, "ಇದು ಬೇಡ ಸರ್, ತೆಗೆಯುವ" ಅಂದರು. ಅವತ್ತೇ ತೆಗೆದೆವು.

ಆಮೇಲೆ ತನ್ನದೇ ಸ್ಟಡ್ ಇರುವ 25 ಮಿ.ಮೀ ಸ್ಪೇಸರ್, ನಾಲ್ಕೂ ಚಕ್ರಕ್ಕೆ. ಹಿಡಿತ ಗಟ್ಟಿ, ನೋಟಕ್ಕೂ ಚೆಂದ. ಆದರೆ ಸ್ಟಿಯರಿಂಗ್ ಬೇರೆಯೇ ಆಯಿತು. ಟೈರ್ ಅಷ್ಟು ಹೊರಗೆ ಬಂದರೆ ಗುಂಡಿಯ ಏಟು ನೇರ ಕೈಗೆ ಬರುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರು, ಮಳೆಗಾಲದ ನಮ್ಮ ರಸ್ತೆ! ಬೇರಿಂಗ್ ಮೇಲಿನ ಭಾರವೂ ಜಾಸ್ತಿ. ಹಿಂದೆ ಇನ್ನೂ ಕಷ್ಟ. ಎಂಜಿಬಿಯಲ್ಲಿ ಹಿಂದಿನ ಎಡಗಡೆ ಮೊದಲೇ ಜಾಗ ಕಡಿಮೆ. ಇಬ್ಬರು ಕೂತು ಹಂಪ್ ದಾಟಿದಾಗ ಟೈರ್ ಬಾಡಿಯ ಅಂಚಿಗೆ ಉಜ್ಜಿತು. ಹೊಸ ಟೈರಿನ ಅಂಚು ಕಿತ್ತುಹೋದದ್ದು ನೋಡಿ ತುಂಬಾ ಬೇಜಾರಾಯಿತು.

ಈಗ ಇರುವುದು ಮೂರನೆಯದು. ಮುಂದೆ ಮಾತ್ರ 10 ಮಿ.ಮೀ, ಹಿಂದೆ ಏನೂ ಇಲ್ಲ. ಬೈಕಂಪಾಡಿಯ ಲೇತ್‌ನಲ್ಲಿ ಹಬ್‌ನ ಅಳತೆಗೆ ತೂತು ಕೊರೆಸಿದೆ, ಎರಡೂ ಮುಖ ಸಮ ಮಾಡಿಸಿದೆ. ಹಬ್ ಬಿಚ್ಚಿ ಹಳೆಯ ಸ್ಟಡ್ ತೆಗೆದು ಉದ್ದದವನ್ನು ಪ್ರೆಸ್ ಮಾಡಿಸಬೇಕು, ಖರ್ಚೂ ಸಮಯವೂ ಅಲ್ಲೇ ಹೋಗುವುದು. ಆದರೆ ನಟ್ 12 ಸುತ್ತು ಕಚ್ಚುತ್ತದೆ, ಸ್ಟಿಯರಿಂಗ್ ಹೆಚ್ಚುಕಡಿಮೆ ಮೊದಲಿನ ಹಾಗೇ ಉಂಟು. ನನಗೆ ಇದೇ ಸರಿ.

ಕಡಲ ಗಾಳಿಗೆ ಅಲ್ಯುಮಿನಿಯಂ ಸ್ಪೇಸರ್ ಕಬ್ಬಿಣದ ಹಬ್‌ಗೆ ಅಂಟಿಕೊಂಡುಬಿಡುತ್ತದೆ. ಹಬ್‌ನ ಮುಖಕ್ಕೆ ತೆಳುವಾಗಿ ಕಾಪರ್ ಗ್ರೀಸ್ ಹಚ್ಚಿ, ಥ್ರೆಡ್‌ಗೆ ಮಾತ್ರ ಬೇಡ. ಟಾರ್ಕ್ ವ್ರೆಂಚ್‌ನಲ್ಲಿ 85 ನ್ಯೂಟನ್ ಮೀಟರ್ ಆಸುಪಾಸಿಗೆ, ಎದುರುಬದುರು ನಟ್ ಬಿಗಿಯಬೇಕು. ಕಾಪುವಿಗೆ ಹೋಗಿ ಬಂದು ತಣ್ಣಗಾದ ಮೇಲೆ ಮತ್ತೆ ನೋಡಿದೆ. ಎಡಗಡೆಯ ಒಂದು ನಟ್ ಇನ್ನೂ ಸ್ವಲ್ಪ ತಿರುಗಿತು.