ಮೀಥೈಲ್‌ಕೋಬಾಲಮಿನ್ ಮಾತ್ರೆ: ಜೋಮು ಹಿಡಿದ ತುಟಿಗೆ ಎಷ್ಟು ಆಸರೆ?

ಕೆಳದವಡೆಯ ಬುದ್ಧಿಹಲ್ಲು ಕೀಳಿಸಿದ ಮೇಲೆ ನರಕ್ಕೆ ಪೆಟ್ಟಾಗಿ ತುಟಿ, ಗದ್ದ ಜೋಮು ಹಿಡಿದರೆ ಹೆಚ್ಚಾಗಿ ಬರೆದುಕೊಡುವುದು ವಿಟಮಿನ್ ಬಿ12ರ ಒಂದು ರೂಪವಾದ, 1500 ಮೈಕ್ರೋಗ್ರಾಂನ ಈ ಮಾತ್ರೆ. ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ನರ ಇದರಿಂದಲೇ ಬೇಗ ಚೇತರಿಸುತ್ತದೆ ಎಂಬುದಕ್ಕೆ ಪುರಾವೆ ತೆಳು. ನರ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ಕೊಳ್ಳುವಾಗ ಮಾತ್ರೆಯ ಪಟ್ಟಿ (ಸ್ಟ್ರಿಪ್) ತಿರುಗಿಸಿ ಓದಿ: ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಸೇರಿದ್ದರೆ ಅದು ಉರಿ, ಚುಚ್ಚುನೋವಿಗೆ. ಬರೀ ಜೋಮಿಗೆ ಅದರ ತೂಕಡಿಕೆ, ತಲೆಸುತ್ತು ಏಕೆ ಬೇಕು? ವೈದ್ಯರನ್ನೇ ಕೇಳಿ; ಪ್ರಿಗ್ಯಾಬಲಿನ್ ಈಗಾಗಲೇ ಶುರುಮಾಡಿದ್ದರೆ ತಟ್ಟನೆ ನಿಲ್ಲಿಸಬೇಡಿ.

ಮಾತ್ರೆಗಿಂತ ಉಪಯುಕ್ತ ಕೆಲಸ ಇನ್ನೊಂದಿದೆ. ವಾರಕ್ಕೊಮ್ಮೆ ಹತ್ತಿಯ ಎಳೆ ಸವರಿ, ಸ್ಪರ್ಶ ತಿಳಿಯದ ಜಾಗದ ಅಂಚನ್ನು ಪೆನ್ನಿನಿಂದ ಗುರುತಿಸಿ ಫೋಟೊ ತೆಗೆಯಿರಿ. ಚುಮುಚುಮು ಶುರುವಾದರೆ ಒಳ್ಳೆಯ ಸೂಚನೆ. 3 ತಿಂಗಳಾದರೂ ಅಂಚು ಕುಗ್ಗದಿದ್ದರೆ ಮತ್ತೊಂದು ಪಟ್ಟಿ ಕೊಳ್ಳುತ್ತ ಕೂರಬೇಡಿ, ನರ ಜೋಡಿಸುವ ಅನುಭವವಿರುವ ಬಾಯಿ-ದವಡೆ ಶಸ್ತ್ರಚಿಕಿತ್ಸಕರನ್ನು ಕಾಣಿ.