ಫೋಟೋ ಪ್ರಿಂಟರನ್ನು ಆರಿಸಬೇಕೇ, ಆನ್ ಇಡಬೇಕೇ? ಮೂರೂ ಬಗೆಯಲ್ಲಿ ಇಟ್ಟು ನೋಡಿದ ಮೇಲೆ

ನಮ್ಮ ಮನೆಯ ಫೋಟೋ ಪ್ರಿಂಟರ್ ಈಗ ಹಗಲೂ ರಾತ್ರಿ ಆನ್ ಆಗಿಯೇ ಇರುತ್ತದೆ. ಕೆಲಸವಿಲ್ಲದ ದಿನವೂ ಅದರ ಸಣ್ಣ ದೀಪ ಉರಿಯುತ್ತಿರುತ್ತದೆ. ಹೀಗೆ ಇಡುವುದೇ ನನಗೆ ಹೊಂದಿಕೊಂಡಿದೆ. ಆದರೆ ಈ ಅಭ್ಯಾಸಕ್ಕೆ ಬರುವ ಮೊದಲು ಒಂದು ಒಳ್ಳೆಯ ಪ್ರಿಂಟರನ್ನು ಕಳೆದುಕೊಂಡೆ. ಎರಡನೆಯದನ್ನು ಕೊಂಡ ಮೇಲೆ ಅದೇ ತಪ್ಪು ಆಗದಿರಲಿ ಎಂದು ಮೂರು ಬಗೆಯಲ್ಲಿ ಇಟ್ಟು ನೋಡಿದೆ.

ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ನಾಮಕರಣ, ಸೀಮಂತ, ಗೃಹಪ್ರವೇಶಗಳ ಫೋಟೋ ತೆಗೆದು ಇಲ್ಲಿಯೇ ಮುದ್ರಿಸಿ ಕೊಡುತ್ತೇನೆ. ಶಾಲೆಗಳು ಶುರುವಾಗುವ ಹೊತ್ತಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಗೆ ಬಿಡುವಿರುವುದಿಲ್ಲ. ಆಷಾಢ ಬಂತೆಂದರೆ ಶುಭಕಾರ್ಯಗಳು ನಿಲ್ಲುತ್ತವೆ, ಪ್ರಿಂಟರೂ ವಾರಗಟ್ಟಲೆ ಸುಮ್ಮನಿರುತ್ತದೆ. ನನ್ನದು ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್: ಕಪ್ಪು, ನೀಲಿ, ಕೆಂಪು, ಹಳದಿಯ ಜೊತೆಗೆ ತಿಳಿನೀಲಿ ಮತ್ತು ತಿಳಿಗೆಂಪು. ಚರ್ಮದ ಬಣ್ಣ ನುಣುಪಾಗಿ ಬರಲು ಆ ಎರಡು ತಿಳಿಬಣ್ಣಗಳೇ ಕಾರಣ. ಇಂಕ್ ಬರುವ ರಂಧ್ರ ಕಟ್ಟಿಕೊಂಡರೆ ಮೊದಲು ಗೊತ್ತಾಗುವುದೂ ಅವುಗಳಲ್ಲಿಯೇ.

ಮೊದಲ ಪ್ರಿಂಟರ್ ಹಾಳಾದದ್ದು ಏಪ್ರಿಲ್ ತಿಂಗಳ ಒಂದು ಸಂಜೆ. ಸೀಮಂತದ ಫೋಟೋವೊಂದು ಎ4 ಹಾಳೆಯ ಮೇಲೆ ಅರ್ಧ ಇಳಿದಿತ್ತು. ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಕವಿದು ಗುಡುಗು ಶುರುವಾಯಿತು. ಮಲೆನಾಡಿನಲ್ಲಿ ಗುಡುಗಿದರೆ ಮನೆಯ ಹಿರಿಯರು ಮೊದಲು ಮಾಡುವ ಕೆಲಸವೆಂದರೆ ಸ್ವಿಚ್ ಬೋರ್ಡುಗಳನ್ನೆಲ್ಲ ಆರಿಸಿ, ಟಿವಿಯ ಪ್ಲಗ್ ಕೀಳುವುದು. ನಮ್ಮ ಮಾವನವರೂ, "ಮಿಂಚು ಹತ್ತಿರದಲ್ಲೇ ಇದೆ, ಎಲ್ಲ ಆರಿಸಿಬಿಡುತ್ತೇನಮ್ಮ" ಎನ್ನುತ್ತಾ ಬಂದು ಪ್ರಿಂಟರಿನ ಸ್ವಿಚ್ಚನ್ನೂ ಆರಿಸಿದರು. ನಾನೂ ತಡೆಯಲಿಲ್ಲ. ಸಿಡಿಲು ಬಡಿದು ಯಂತ್ರ ಸುಡುವುದಕ್ಕಿಂತ ಒಂದು ಹಾಳೆ ಹೋದರೆ ಹೋಗಲಿ ಎನ್ನಿಸಿತ್ತು.

ಹೋದದ್ದು ಹಾಳೆಯಷ್ಟೇ ಅಲ್ಲ. ಆ ರಾತ್ರಿ ಕರೆಂಟೂ ಹೋಯಿತು, ಎರಡು ದಿನ ಬರಲಿಲ್ಲ. ಬಂದ ಮೇಲೂ ಬೇರೆ ಕೆಲಸಗಳಲ್ಲಿ ನಾನು ಇನ್ನೆರಡು ದಿನ ಪ್ರಿಂಟರಿನ ಕಡೆ ನೋಡಲಿಲ್ಲ. ಅಷ್ಟೂ ದಿನ ಇಂಕ್ ಚಿಮ್ಮಿಸುವ ಅದರ ಹೆಡ್ ಹಾಳೆಯ ನಡುಮಧ್ಯೆ, ಬಾಯಿ ತೆರೆದುಕೊಂಡೇ ನಿಂತಿತ್ತು.

ಇಂಕ್‌ಜೆಟ್ ಪ್ರಿಂಟರಿನ ಹೆಡ್ಡಿನಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳಿರುತ್ತವೆ. ಅವುಗಳ ತುದಿಯಲ್ಲಿ ಇಂಕ್ ಸದಾ ಹಸಿಯಾಗಿರಬೇಕು. ಆದ್ದರಿಂದ ಕೆಲಸ ಮುಗಿದಾಗ ಹೆಡ್ ಒಂದು ಬದಿಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ, ಗಾಳಿಯಾಡದಂತೆ ಆ ಮುಚ್ಚಳ ಕಾಯುತ್ತದೆ. ಪ್ರಿಂಟರಿನ ಮೇಲಿರುವ ಪವರ್ ಬಟನ್ ಒತ್ತಿದರೆ ಅದು ತಕ್ಷಣ ಆರುವುದಿಲ್ಲ. ಹೆಡ್ಡನ್ನು ಸ್ವಸ್ಥಾನಕ್ಕೆ ತಂದು, ಮುಚ್ಚಿ, ಆಮೇಲೆ ದೀಪ ಆರಿಸುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಇದಾವುದಕ್ಕೂ ಸಮಯವಿರುವುದಿಲ್ಲ. ಎಲ್ಲಿದ್ದರೆ ಅಲ್ಲಿಯೇ ನಿಲ್ಲುತ್ತದೆ.

ನಾಲ್ಕನೆಯ ದಿನ ಆನ್ ಮಾಡಿ, ಎಲ್ಲ ರಂಧ್ರಗಳಿಂದ ಇಂಕ್ ಬರುತ್ತಿದೆಯೇ ಎಂದು ಗೆರೆಗಳಲ್ಲಿ ತೋರಿಸುವ ನಾಝಲ್ ಚೆಕ್ ಹಾಳೆ ತೆಗೆದಾಗ ಕಪ್ಪಿನ ಗೆರೆಗಳೇ ಇರಲಿಲ್ಲ, ತಿಳಿಗೆಂಪಿನಲ್ಲಿ ಅರ್ಧ ಮಾಯವಾಗಿತ್ತು. ಗಾಬರಿಯಲ್ಲಿ ಒಂದರ ಹಿಂದೆ ಒಂದರಂತೆ ಐದು ಸಲ ಹೆಡ್ ಕ್ಲೀನಿಂಗ್ ಮಾಡಿದೆ. ಅದು ಎರಡನೆಯ ತಪ್ಪು. ಪ್ರತಿ ಕ್ಲೀನಿಂಗಿನಲ್ಲೂ ಪ್ರಿಂಟರ್ ಆರೂ ಬಣ್ಣದ ಇಂಕನ್ನು ಹೀರಿ ಒಳಗಿನ ವೇಸ್ಟ್ ಇಂಕ್ ಪ್ಯಾಡಿಗೆ ಸುರಿಯುತ್ತದೆ, ಆ ಪ್ಯಾಡ್ ತುಂಬಿದ ಲೆಕ್ಕ ಬಂದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಮೂರು ಸಲ ಮಾಡಿದರೂ ಸರಿಹೋಗದಿದ್ದರೆ ಆರಿಸಿ 12 ಗಂಟೆ ಬಿಡಬೇಕು, ಆಮೇಲೆ ಮತ್ತೆ ನೋಡಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಒಣಗಿದ ಇಂಕ್ ನೆನೆದು ಸಡಿಲವಾಗಲು, ಒಳಹೊಕ್ಕ ಗಾಳಿಗುಳ್ಳೆ ಕರಗಲು ಅಷ್ಟು ಹೊತ್ತು ಬೇಕು. ನಾನು ಓದಿದ್ದು ಎಲ್ಲ ಮುಗಿದ ಮೇಲೆ. ರಿಪೇರಿಯವರು ಬಿಚ್ಚಿ ನೋಡಿ, ಹೆಡ್ ಬದಲಾಯಿಸಬೇಕು ಎಂದರು. ಅವರು ಹೇಳಿದ ಮೊತ್ತ ಹೊಸ ಪ್ರಿಂಟರಿನ ಅರ್ಧ ಬೆಲೆಗಿಂತ ಹೆಚ್ಚಿತ್ತು.

ಮಾವನವರದು ತಪ್ಪೆಂದು ನಾನು ಯಾವತ್ತೂ ಹೇಳುವುದಿಲ್ಲ. ಅವರು ಮನೆಯನ್ನು ಕಾಯುತ್ತಿದ್ದರು. ಆ ಯಂತ್ರವನ್ನು ಹೇಗೆ ಆರಿಸಬೇಕೆಂದು ಅವರಿಗೆ ತಿಳಿಸಿಕೊಡುವುದು ನನ್ನ ಕೆಲಸವಾಗಿತ್ತು.

ಎಲ್ಲ ಇಂಕ್‌ಜೆಟ್‌ಗಳ ಹೆಡ್ಡೂ ಒಂದೇ ಬಗೆಯದಲ್ಲ. ಎಪ್ಸನ್ ಮತ್ತು ಬ್ರದರ್ ಯಂತ್ರಗಳಲ್ಲಿ ವಿದ್ಯುತ್ ಹಾಯಿಸಿದರೆ ಆಕಾರ ಬದಲಿಸುವ ಪೀಜೋ ಹರಳು ಅದುರಿ ಇಂಕಿನ ಹನಿಯನ್ನು ತಳ್ಳುತ್ತದೆ. ಕ್ಯಾನನ್ ಮತ್ತು ಎಚ್‌ಪಿಯ ಮನೆಬಳಕೆಯ ಯಂತ್ರಗಳಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ, ಅದರ ಒತ್ತಡದಿಂದ ಹನಿ ಚಿಮ್ಮಿಸುತ್ತಾರೆ. ಎರಡನೆಯ ಬಗೆಯ ಅನೇಕ ಮಾದರಿಗಳಲ್ಲಿ ಹೆಡ್ಡನ್ನು ನಾವೇ ತೆಗೆದು ಬದಲಾಯಿಸಬಹುದು. ಆದರೆ ತೆರೆದ ರಂಧ್ರ ಒಣಗುವುದು ಎರಡಕ್ಕೂ ಒಂದೇ.

ಹೊಸ ಪ್ರಿಂಟರ್ ಬಂದ ಮೇಲೆ ಮೊದಲ ಎರಡು ತಿಂಗಳು ಪ್ರತಿದಿನ ಬೆಳಿಗ್ಗೆ ಆನ್, ರಾತ್ರಿ ಪವರ್ ಬಟನ್ನಿನಿಂದ ಆಫ್ ಮಾಡಿದೆ. ಆಮೇಲಿನ ಎರಡು ತಿಂಗಳು ಆರಿಸಲೇ ಇಲ್ಲ. ಕೊನೆಗೆ ಗಿರಾಕಿ ಬಂದಾಗ ಮಾತ್ರ ಆನ್ ಮಾಡುವ ಪದ್ಧತಿ. ಆಗಾಗ ತೆಗೆದ ನಾಝಲ್ ಚೆಕ್ ಹಾಳೆಗಳಿಗೆ ದಿನಾಂಕ ಹಾಕಿ ಫೈಲಿನಲ್ಲಿ ಇಟ್ಟಿದ್ದೇನೆ. ಟ್ಯಾಂಕಿನ ಮೇಲೆ ಪೆನ್ನಿನಿಂದ ಇಂಕಿನ ಮಟ್ಟ ಗುರುತು ಮಾಡಿದ್ದೆ. ಹಳದಿಯ ಗೆರೆ ಬಿಳಿ ಹಾಳೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. ನೀಲಿ ಬಣ್ಣದ ಪಾರದರ್ಶಕ ಹಾಳೆಯ ಮೂಲಕ ನೋಡಿ, ಹಳದಿ ಕಪ್ಪಾಗಿ ಎದ್ದು ಕಾಣುತ್ತದೆ. ಉಡುಗೊರೆಗೆ ಸುತ್ತುವ ಬಣ್ಣದ ಹಾಳೆಯೇ ಸಾಕು.

ದಿನವೂ ಆರಿಸಿ ಹಚ್ಚುವ ಪದ್ಧತಿಯಲ್ಲಿ ಹೆಡ್ಡಿಗೆ ಏನೂ ಆಗಲಿಲ್ಲ, ಗೆರೆಗಳೆಲ್ಲ ಪೂರ್ತಿ ಇದ್ದವು. ನನಗೆ ಒಗ್ಗದೇ ಇದ್ದದ್ದು ಬೆಳಗಿನ ಗರಗರ ಸದ್ದು. ಆನ್ ಮಾಡಿದಾಗಲೆಲ್ಲ ಯಂತ್ರ ತನ್ನನ್ನು ತಾನು ಸಿದ್ಧಪಡಿಸಿಕೊಳ್ಳುತ್ತದೆ, ಎಷ್ಟೋ ಸಲ ಸ್ವಲ್ಪ ಇಂಕನ್ನೂ ಹೀರಿ ಹೊರಹಾಕುತ್ತದೆ. ಒಂದು ದಿನದ್ದು ಕಣ್ಣಿಗೆ ಕಾಣದಷ್ಟು ಕಡಿಮೆ. ಆದರೆ ಮುದ್ರಣವೇ ಇಲ್ಲದ ಒಂದು ವಾರದ ಕೊನೆಯಲ್ಲಿ ಪೆನ್ನಿನ ಗುರುತಿಗಿಂತ ಮಟ್ಟ ಕೆಳಗಿಳಿದಿತ್ತು. ಹಣ ಕೊಟ್ಟು ತಂದ ಇಂಕ್ ಯಾರ ಮುಖವನ್ನೂ ಮೂಡಿಸದೆ ಪ್ಯಾಡಿಗೆ ಹೋಗುವುದು ನನಗೆ ನೋವಿನ ಸಂಗತಿ.

ಗಿರಾಕಿ ಬಂದಾಗ ಮಾತ್ರ ಆನ್ ಮಾಡುವುದು ನನ್ನ ಮಟ್ಟಿಗೆ ಕೆಟ್ಟ ಪದ್ಧತಿ. ಫೆಬ್ರವರಿಯಲ್ಲಿ 19 ದಿನ ಹಾಗೆಯೇ ಬಿಟ್ಟಾಗ ಕಪ್ಪಿನಲ್ಲಿ ಎರಡು ಗೆರೆ ಹೋದವು. ಒಂದು ಕ್ಲೀನಿಂಗಿನಲ್ಲಿ ಮರಳಿ ಬಂದವು, ಆದರೆ ಅಷ್ಟು ಹೊತ್ತು ಗಿರಾಕಿ ಕುರ್ಚಿಯ ಮೇಲೆ ಕಾದು ಕುಳಿತಿದ್ದರು.

ಸದಾ ಆನ್ ಇಟ್ಟ ತಿಂಗಳುಗಳಲ್ಲಿ ಬೆಳಗಿನ ಸದ್ದು ಇರಲಿಲ್ಲ. ಮೊಬೈಲಿನಿಂದ ಕಳಿಸಿದ ಫೋಟೋ ಒಂದು ನಿಮಿಷದೊಳಗೆ ಇಳಿಯಲು ಶುರುವಾಗುತ್ತಿತ್ತು. ಆದರೆ ಆನ್ ಇಟ್ಟಮಾತ್ರಕ್ಕೆ ಹೆಡ್ ಒಣಗುವುದಿಲ್ಲವೆಂದು ತಿಳಿಯಬೇಡಿ. ತವರಿನಲ್ಲಿ 12 ದಿನ ಇದ್ದು ಬಂದಾಗ, ದೀಪ ಉರಿಯುತ್ತಲೇ ಇದ್ದರೂ ಹಳದಿಯಲ್ಲಿ ಒಂದು ಗೆರೆ ತಪ್ಪಿತ್ತು. ಮುಚ್ಚಳದ ಮೇಲೆ ಕುಳಿತ ಹೆಡ್ಡಿಗೆ ಕರೆಂಟ್ ಇದೆಯೋ ಇಲ್ಲವೋ ಎಂಬುದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಅದನ್ನು ಉಳಿಸುವುದು ಅದರ ಮೂಲಕ ಹರಿಯುವ ಹೊಸ ಇಂಕ್. ಹಾಗಿದ್ದೂ ನಾನು ಈ ಪದ್ಧತಿಯನ್ನೇ ಹಿಡಿದದ್ದು ನನ್ನ ಸ್ವಭಾವ ಗೊತ್ತಿದ್ದರಿಂದ. ಯಂತ್ರ ಎಚ್ಚರವಾಗಿದ್ದರೆ ನಾನು ಮೂರು ನಾಲ್ಕು ದಿನಕ್ಕೊಮ್ಮೆ ಏನಾದರೊಂದು ಮುದ್ರಿಸುತ್ತೇನೆ: ಅತ್ತೆಯವರ ರಂಗೋಲಿ, ಪಕ್ಕದ ಮನೆಯ ಮಗು, ಕಾಫಿ ಹೂವು ಅರಳಿದ ತೋಟ. ಆರಿಸಿಟ್ಟರೆ ನಾಳೆ ನೋಡೋಣ ಎಂದು ಮುಂದೂಡುತ್ತೇನೆ.

ವಿದ್ಯುತ್ ಖರ್ಚು ಲೆಕ್ಕಕ್ಕಿಲ್ಲ. ನಿದ್ದೆಯ ಸ್ಥಿತಿಯಲ್ಲಿ ಒಂದೂವರೆ ವಾಟ್ ಎಂದುಕೊಂಡರೂ ತಿಂಗಳಿಗೆ ಒಂದು ಯೂನಿಟ್ಟಿನ ಆಸುಪಾಸು.

ಆನ್ ಇಡುವವರು ಒಂದು ಸೆಟ್ಟಿಂಗ್ ನೋಡಿಕೊಳ್ಳಬೇಕು. ಈಗಿನ ಅನೇಕ ಪ್ರಿಂಟರುಗಳು ಕೆಲವು ಗಂಟೆ ಕೆಲಸವಿಲ್ಲದಿದ್ದರೆ ತಾವಾಗಿಯೇ ಪೂರ್ತಿ ಆರಿಹೋಗುತ್ತವೆ. ಮೊದಲ ವಾರ ನನ್ನದೂ ಹಾಗೆಯೇ ಆರುತ್ತಿತ್ತು, ನಾನು ಮಾವನವರೇ ಆರಿಸಿದರೆಂದು ತಿಳಿದಿದ್ದೆ. ಕಂಪ್ಯೂಟರಿನಲ್ಲಿ ಪ್ರಿಂಟರಿನ ಸೆಟ್ಟಿಂಗಿಗೆ ಹೋಗಿ ಆ ಸಮಯಮಿತಿಯನ್ನು ತೆಗೆದುಹಾಕಿದೆ.

ಕರೆಂಟ್ ಹೋಗುವ ಸಮಸ್ಯೆಗೆ ಪ್ರಿಂಟರನ್ನು ಯುಪಿಎಸ್ (ಬ್ಯಾಟರಿಯ ಇನ್ವರ್ಟರ್) ಲೈನಿಗೆ ಹಾಕಿಸಿದೆ. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ದೀಪ ಮತ್ತು ಫ್ಯಾನುಗಳಿಗೆ ಮಾತ್ರ ಆ ಲೈನ್ ಇರುತ್ತದೆ. ಎಲೆಕ್ಟ್ರಿಷಿಯನ್ ಒಂದು ಪಾಯಿಂಟ್ ಹೆಚ್ಚಿಗೆ ಎಳೆದುಕೊಟ್ಟರು. ಇಂಕ್‌ಜೆಟ್ ಎಳೆಯುವ ವಿದ್ಯುತ್ ಕಡಿಮೆ, ಬ್ಯಾಟರಿಗೆ ಭಾರವಾಗುವುದಿಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಹೀಗೆ ಹಾಕಬೇಡಿ, ಅದು ಕಾಯುವಾಗ ಎಳೆಯುವ ಹೊರೆ ಬಹಳ. ನಿಮ್ಮ ಇನ್ವರ್ಟರಿನಲ್ಲಿ ಯುಪಿಎಸ್ ಮತ್ತು ಸಾಮಾನ್ಯ ಎಂಬ ಎರಡು ಆಯ್ಕೆಗಳಿದ್ದರೆ ಯುಪಿಎಸ್ ಕಡೆಗೆ ಇಡಿ. ಸಾಮಾನ್ಯ ಆಯ್ಕೆಯಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಮುದ್ರಣ ನಡುವೆ ಕಡಿದುಹೋಗಬಹುದು.

ಸಿಡಿಲಿಗೆ ಮಾತ್ರ ಯುಪಿಎಸ್ ಉತ್ತರವಲ್ಲ, ಪ್ಲಗ್ ಕೀಳಲೇಬೇಕು. ಮಾವನವರ ಪದ್ಧತಿಯೇ ಸರಿ, ಅದಕ್ಕೊಂದು ಹೆಜ್ಜೆ ಸೇರಿಸಿದ್ದೇವೆ. ಗುಡುಗು ದೂರದಲ್ಲಿರುವಾಗಲೇ ಪವರ್ ಬಟನ್ ಒತ್ತಿ, ದೀಪ ಮಿನುಗಿ ಪೂರ್ತಿ ಆರುವವರೆಗೆ ಕಾಯುತ್ತೇವೆ. ಆಮೇಲೆ ಸ್ವಿಚ್, ಆಮೇಲೆ ಪ್ಲಗ್, ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ತಂತಿಯೂ ಹೊರಗೆ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ಬೋರ್ಡಿನ ಮೇಲೆ ಮಾವನವರೇ ತಮ್ಮ ದುಂಡನೆಯ ಅಕ್ಷರದಲ್ಲಿ "ಮೊದಲು ಪ್ರಿಂಟರಿನ ಗುಂಡಿ" ಎಂದು ಬರೆದು ಅಂಟಿಸಿದ್ದಾರೆ.

ಮಳೆಗಾಲದ ಬಗ್ಗೆ ನಾನು ಎಣಿಸಿದ್ದು ತಲೆಕೆಳಗಾಯಿತು. ಆಷಾಢದಲ್ಲಿ ಪ್ರಿಂಟರ್ ಸುಮ್ಮನಿರುತ್ತದೆ, ಆಗಲೇ ಕಟ್ಟಿಕೊಳ್ಳುತ್ತದೆ ಎಂದು ಹೆದರಿದ್ದೆ. ಗಾಳಿಯಲ್ಲಿ ತೇವ ತುಂಬಿರುವಾಗ ಇಂಕ್ ನಿಧಾನವಾಗಿ ಒಣಗುತ್ತದೆ, ಹೆಡ್ಡಿಗೆ ಅದು ಒಳ್ಳೆಯದೇ. ಆಗ ಕೆಡುವುದು ಹಾಳೆ. ಫೋಟೋ ಹಾಳೆ ತೇವ ಹೀರಿ ಬಾಗುತ್ತದೆ, ಮುದ್ರಿಸಿದ ಮೇಲೂ ಬೇಗ ಒಣಗುವುದಿಲ್ಲ. ಹಾಳೆಯನ್ನು ಟ್ರೇಯಲ್ಲಿ ಬಿಡದೆ ಕವರಿಗೆ ಸೇರಿಸಿ ಬಾಯಿ ಮುಚ್ಚಿಡುತ್ತೇನೆ. ಹೆಡ್ ಬಗ್ಗೆ ಎಚ್ಚರ ಬೇಕಾದದ್ದು ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ.

ನನ್ನಂತೆ ವಾರದಲ್ಲಿ ಎರಡು ದಿನವಾದರೂ ಮುದ್ರಿಸುವವರು, ಯುಪಿಎಸ್ ಇರುವವರು ಆನ್ ಇಡಿ. ಯುಪಿಎಸ್ ಇಲ್ಲದ ಮನೆಯಾದರೆ ಕೆಲಸ ಮುಗಿದ ಕೂಡಲೇ ಪವರ್ ಬಟನ್ನಿನಿಂದಲೇ ಆರಿಸಿ. ಸ್ವಲ್ಪ ಇಂಕ್ ಹೋಗುತ್ತದೆ, ಹೆಡ್ ಉಳಿಯುತ್ತದೆ. ಹಬ್ಬಕ್ಕೊಮ್ಮೆ, ಪ್ರವಾಸಕ್ಕೊಮ್ಮೆ ನಾಲ್ಕು ಫೋಟೋ ಬೇಕೆನ್ನುವವರು ಫೋಟೋ ಪ್ರಿಂಟರನ್ನೇ ಕೊಳ್ಳಬೇಡಿ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಊರಿನ ಸ್ಟುಡಿಯೋಗೆ ಕೊಟ್ಟು ಬನ್ನಿ. ಅಲ್ಲಿಯ ಯಂತ್ರ ದಿನವೂ ಓಡುತ್ತಿರುತ್ತದೆ.